ಮ್ಯಾಮೊಗ್ರಾಂ ವರದಿಯಲ್ಲಿ ‘ಸಿ’ ಎಂದಿದ್ದರೆ

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ, ಮಾಡಿಸಿಕೊಂಡವರ ವರದಿಯನ್ನು ತೆರೆದರೆ ಆರಂಭದಲ್ಲೇ ಸ್ತನದ ಸಾಂದ್ರತೆಯನ್ನು ಹೇಳುವ ‘ಎಸಿಆರ್ ಟೈಪ್ ಬಿ’ ಅಥವಾ ‘ಟೈಪ್ ಸಿ’ ಎಂಬ ಮಾತು ಸಾಮಾನ್ಯವಾಗಿ ಕಾಣಿಸುತ್ತದೆ. ವೈದ್ಯರ ಕಣ್ಣು ಅದನ್ನು ದಾಟಿ ನೇರವಾಗಿ ಕೊನೆಯ ಸಾಲಿನಲ್ಲಿ, ಚಿತ್ರದಲ್ಲಿ ಏನು ಕಂಡಿತು ಎಂದು ಹೇಳುವ ‘ಬೈರಾಡ್ಸ್’ ಅಂಕಿಗೆ ಹೋಗುತ್ತದೆ. ವರದಿ ಕೈಯಲ್ಲಿ ಹಿಡಿದ ಮಹಿಳೆಯ ಕಣ್ಣು ಮಾತ್ರ ಆ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತದೆ. ಅಂತರ್ಜಾಲದಲ್ಲಿ ಹುಡುಕಿದರೆ ‘ಕ್ಯಾನ್ಸರ್ ಅಪಾಯ ನಾಲ್ಕು ಪಟ್ಟು’ ಎಂಬ ಉತ್ತರ ಸಿಗುತ್ತದೆ. ಅಂದು ರಾತ್ರಿ ನಿದ್ರೆ ಬರುವುದಿಲ್ಲ.

ಅಮೆರಿಕದಲ್ಲಿ ಈ ಅಕ್ಷರದ ಹಿಂದಿನ ಮಾಹಿತಿಗೆ ಈಗ ಕಾನೂನಿನ ಬಲ ಬಂದಿದೆ. 2024ರ ಸೆಪ್ಟೆಂಬರ್ 10ರಿಂದ ಅಲ್ಲಿನ ಪ್ರತಿಯೊಂದು ಮ್ಯಾಮೊಗ್ರಾಂ ಕೇಂದ್ರವೂ ತಪಾಸಣೆಗೆ ಬಂದ ಮಹಿಳೆಗೆ ಆಕೆಯ ಸ್ತನದ ಅಂಗಾಂಶ ಸಾಂದ್ರವಾಗಿದೆಯೋ ಇಲ್ಲವೋ ಎಂಬುದನ್ನು ಬರೆದು ತಿಳಿಸಲೇಬೇಕು. ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ, ಅಂದರೆ ಎಫ್‌ಡಿಎ, ಪತ್ರದಲ್ಲಿ ಇರಬೇಕಾದ ಮಾತುಗಳನ್ನೂ ಗೊತ್ತುಪಡಿಸಿದೆ. ಸಾಂದ್ರ ಅಂಗಾಂಶವಿದ್ದರೆ ಮ್ಯಾಮೊಗ್ರಾಂನಲ್ಲಿ ಕ್ಯಾನ್ಸರ್ ಪತ್ತೆ ಕಷ್ಟ, ಅದು ಕ್ಯಾನ್ಸರ್ ಬರುವ ಅಪಾಯವನ್ನೂ ಹೆಚ್ಚಿಸುತ್ತದೆ ಎಂಬುದು ಅದರ ಸಾರ. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳ ಕನ್ನಡಿಗರ ಮನೆಗಳಿಗೂ ಈ ಪತ್ರ ಬರುತ್ತಿದೆ.

ಪತ್ರದ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ಎರಡು ಬೇರೆ ಸಂಗತಿಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಗಡ್ಡೆಯನ್ನು ಮರೆಮಾಡುವುದು ಒಂದು, ಗಡ್ಡೆ ಹುಟ್ಟುವ ಸಾಧ್ಯತೆಯನ್ನು ಹೆಚ್ಚಿಸುವುದು ಇನ್ನೊಂದು. ಎರಡರ ಅಳತೆಯೂ ಬೇರೆ, ಎರಡಕ್ಕೂ ಮಾಡಬೇಕಾದ ಕೆಲಸವೂ ಬೇರೆ. ಇವನ್ನು ಬಿಡಿಸಿ ನೋಡದಿರುವುದರಿಂದಲೇ ಈ ವಿಷಯದಲ್ಲಿ ಇಷ್ಟೊಂದು ಗಾಬರಿ ಮತ್ತು ಅಷ್ಟೇ ಉಡಾಫೆ ಒಟ್ಟಿಗೆ ನಡೆದುಬಂದಿವೆ ಎಂಬುದು ನನ್ನ ಅನಿಸಿಕೆ.

ಸ್ತನದಲ್ಲಿ ಕೊಬ್ಬು ಇರುತ್ತದೆ, ಹಾಲಿನ ಗ್ರಂಥಿ ಮತ್ತು ನಾಳಗಳು ಇರುತ್ತವೆ, ಇವನ್ನು ಹಿಡಿದಿಡುವ ನಾರಿನಂಥ ಅಂಗಾಂಶ ಇರುತ್ತದೆ. ಎಕ್ಸ್-ರೇ ಕಿರಣ ಕೊಬ್ಬಿನ ಮೂಲಕ ಸುಲಭವಾಗಿ ಹಾದುಹೋಗುವುದರಿಂದ ಚಿತ್ರದಲ್ಲಿ ಅದು ಕಪ್ಪಾಗಿ ಮೂಡುತ್ತದೆ. ಗ್ರಂಥಿ ಮತ್ತು ನಾರು ಕಿರಣವನ್ನು ತಡೆಯುವುದರಿಂದ ಬೆಳ್ಳಗೆ ಕಾಣುತ್ತವೆ. ಈ ಬಿಳಿಯ ಪಾಲು ಎಷ್ಟು ಎಂಬುದೇ ಸಾಂದ್ರತೆ. ಕೈಯಿಂದ ಮುಟ್ಟಿ ಇದನ್ನು ಹೇಳಲಾಗದು. ಸ್ತನದ ಗಾತ್ರಕ್ಕೂ ಬಿಗಿತಕ್ಕೂ ಇದಕ್ಕೂ ಸಂಬಂಧವಿಲ್ಲ. ತೊಡಕು ಏನೆಂದರೆ ಕ್ಯಾನ್ಸರ್ ಗಡ್ಡೆಯೂ ಚಿತ್ರದಲ್ಲಿ ಬಿಳಿಯೇ. ಮಂಡಕ್ಕಿ ರಾಶಿಯಲ್ಲಿ ಬಿದ್ದ ಮಲ್ಲಿಗೆ ಮೊಗ್ಗನ್ನು ಹುಡುಕಿದ ಹಾಗೆ. 2003ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರ ಪ್ರಕಾರ ಕೊಬ್ಬೇ ಹೆಚ್ಚಿರುವ ಸ್ತನದಲ್ಲಿ ಮ್ಯಾಮೊಗ್ರಾಂ ನೂರಕ್ಕೆ ಸುಮಾರು 87 ಕ್ಯಾನ್ಸರ್‌ಗಳನ್ನು ಹಿಡಿಯುತ್ತದೆ. ಅತಿ ಸಾಂದ್ರ ಸ್ತನದಲ್ಲಿ ಸುಮಾರು 63ನ್ನು ಮಾತ್ರ.

ವರದಿಯಲ್ಲಿರುವ ಎ, ಬಿ, ಸಿ, ಡಿ ಎಂಬುದು ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿಯ (ಎಸಿಆರ್) ವರ್ಗೀಕರಣ. ಎ ಎಂದರೆ ಬಹುಪಾಲು ಕೊಬ್ಬು, ಡಿ ಎಂದರೆ ಅತಿ ಸಾಂದ್ರ. ತಪಾಸಣೆಗೆ ಬರುವ ಅಮೆರಿಕನ್ ಮಹಿಳೆಯರಲ್ಲಿ ನೂರಕ್ಕೆ ಸುಮಾರು 10 ಮಂದಿ ಎ, 40 ಮಂದಿ ಬಿ, 40 ಮಂದಿ ಸಿ, 10 ಮಂದಿ ಡಿ. ಸಿ ಮತ್ತು ಡಿ ಎರಡನ್ನೂ ‘ಸಾಂದ್ರ’ ಎಂದೇ ಕರೆಯುತ್ತಾರೆ. ಅಂದರೆ ಅರ್ಧದಷ್ಟು ಮಹಿಳೆಯರು ಸಾಂದ್ರ ವರ್ಗದಲ್ಲಿದ್ದಾರೆ. ಇದು ರೋಗವಲ್ಲ, ದೇಹದ ಸಹಜ ಸ್ಥಿತಿಗಳಲ್ಲಿ ಒಂದು. ನಮ್ಮಲ್ಲಿ ಅನೇಕರು ಮಾಡಿಕೊಳ್ಳುವ ಗೊಂದಲವೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೈರಾಡ್ಸ್ 0ಯಿಂದ 6ರವರೆಗಿನ ಅಂಕಿ ಚಿತ್ರದಲ್ಲಿ ಏನು ಕಂಡಿತು ಎಂಬುದರ ಬಗ್ಗೆ. ಬೈರಾಡ್ಸ್ 4 ಎಂದರೆ ಅನುಮಾನಾಸ್ಪದ, ಬಯಾಪ್ಸಿ ಬೇಕು. ಡಿ ಎಂಬುದು ನಾಲ್ಕನೆಯ ಅಕ್ಷರ ಎಂದುಕೊಂಡು ಅದನ್ನು ಬೈರಾಡ್ಸ್ 4ರ ಜೊತೆ ಬೆರೆಸುವಂತಿಲ್ಲ. ಸ್ತನ ‘ಡಿ’ ವರ್ಗದ್ದಾಗಿದ್ದು ಬೈರಾಡ್ಸ್ 1 ಇರಬಹುದು, ಅಂದರೆ ಏನೂ ಕಂಡಿಲ್ಲ. ‘ಡಿ’ ವರ್ಗದಲ್ಲಿ ‘ಏನೂ ಕಂಡಿಲ್ಲ’ ಎಂಬ ಮಾತಿಗೆ ತೂಕ ಸ್ವಲ್ಪ ಕಡಿಮೆ, ಅಷ್ಟೇ.

ಸಾಂದ್ರತೆಗೂ ಕ್ಯಾನ್ಸರ್ ಅಪಾಯಕ್ಕೂ ನಂಟು ಕಲ್ಪಿಸಿದವರಲ್ಲಿ ಮುಖ್ಯರು ಡೆಟ್ರಾಯಿಟ್‌ನ ರೇಡಿಯಾಲಜಿಸ್ಟ್ ಜಾನ್ ವುಲ್ಫ್. 1976ರಲ್ಲಿ ಅವರು ಮ್ಯಾಮೊಗ್ರಾಂಗಳನ್ನು ವಿನ್ಯಾಸದ ಆಧಾರದಲ್ಲಿ ನಾಲ್ಕು ಗುಂಪು ಮಾಡಿ, ಒಂದು ಗುಂಪಿಗಿಂತ ಇನ್ನೊಂದರಲ್ಲಿ ಕ್ಯಾನ್ಸರ್ ಹಲವಾರು ಪಟ್ಟು ಹೆಚ್ಚು ಎಂದರು. ಬಹಳ ಮಂದಿ ನಂಬಲಿಲ್ಲ. ನಂಬದಿದ್ದುದಕ್ಕೆ ಕಾರಣವೂ ಗಟ್ಟಿಯಾಗಿತ್ತು. ಸಾಂದ್ರ ಸ್ತನದಲ್ಲಿ ಆಗಲೇ ಇದ್ದ ಗಡ್ಡೆ ಮೊದಲ ಚಿತ್ರದಲ್ಲಿ ಕಾಣದೆ, ಎರಡು ವರ್ಷದ ನಂತರ ಬೆಳೆದು ಕಂಡಾಗ ‘ಹೊಸ ಕ್ಯಾನ್ಸರ್’ ಎಂದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಇದು ಅಪಾಯವಲ್ಲ, ಮರೆಯ ಆಟ ಎಂಬುದು ಟೀಕಾಕಾರರ ವಾದ. ಈ ವಾದ ನಿಜವಾಗಿದ್ದರೆ ಕೆಲವು ವರ್ಷ ಕಳೆದಂತೆ ವ್ಯತ್ಯಾಸ ಕರಗಿಹೋಗಬೇಕಿತ್ತು. ಟೊರಾಂಟೊದ ನಾರ್ಮನ್ ಬಾಯ್ಡ್ ಮತ್ತು ಸಂಗಡಿಗರು ವರ್ಷಗಟ್ಟಲೆ ಮಹಿಳೆಯರನ್ನು ಹಿಂಬಾಲಿಸಿ ನೋಡಿದಾಗ ಅದು ಕರಗಲಿಲ್ಲ. ತಪಾಸಣೆಯಾಗಿ ಹಲವು ವರ್ಷಗಳ ನಂತರವೂ ಸಾಂದ್ರ ಸ್ತನದವರಲ್ಲಿ ಕ್ಯಾನ್ಸರ್ ಹೆಚ್ಚೇ ಇತ್ತು.

ಬಾಯ್ಡ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನ ಎರಡೂ ಸಂಗತಿಗಳನ್ನು ಒಂದೇ ಕಡೆ ತೋರಿಸುತ್ತದೆ. ಬಿಳಿಯ ಪಾಲು ಶೇ 75ಕ್ಕೂ ಹೆಚ್ಚಿರುವವರನ್ನು ಶೇ 10ಕ್ಕಿಂತ ಕಡಿಮೆ ಇರುವವರ ಜೊತೆ ಹೋಲಿಸಿದಾಗ ಒಟ್ಟಾರೆ ಅಪಾಯ 4.7 ಪಟ್ಟು. ಆದರೆ ‘ಎಲ್ಲ ಸರಿಯಿದೆ’ ಎಂದ ಮ್ಯಾಮೊಗ್ರಾಂ ಆಗಿ 12 ತಿಂಗಳ ಒಳಗೇ ಕಾಣಿಸಿಕೊಂಡ ಕ್ಯಾನ್ಸರ್‌ಗಳನ್ನಷ್ಟೇ ತೆಗೆದುಕೊಂಡರೆ 17.8 ಪಟ್ಟು. ಈ ಎರಡನೆಯ ಸಂಖ್ಯೆಯಲ್ಲಿ ಬಹುಪಾಲು ಮರೆಯ ಕೆಲಸ. ಮೊದಲನೆಯದರಲ್ಲಿ ದೇಹದ್ದೇ ಪ್ರಕೃತಿ ಇದೆ. ಅವಳಿಗಳ ಮೇಲಿನ ಅಧ್ಯಯನದಿಂದ ಸಾಂದ್ರತೆಯಲ್ಲಿ ಕಾಣುವ ವ್ಯತ್ಯಾಸದ ಸುಮಾರು ಶೇ 60 ಭಾಗ ಅನುವಂಶಿಕ ಎಂಬುದೂ ಗೊತ್ತಾಗಿದೆ.

ಇನ್ನು ಆ ‘ನಾಲ್ಕು ಪಟ್ಟು’. ಇದು ಒಂದು ತುದಿಯನ್ನು ಇನ್ನೊಂದು ತುದಿಯ ಜೊತೆ ಹೋಲಿಸಿದ ಸಂಖ್ಯೆ. ಹತ್ತರಲ್ಲಿ ಒಬ್ಬಳು ಮಾತ್ರ ಕೆಳಗಿನ ತುದಿಯಲ್ಲಿದ್ದಾಳೆ. ಅವಳ ಜೊತೆ ಹೋಲಿಸಿದರೆ ಉಳಿದ ಎಲ್ಲರಿಗೂ ಅಪಾಯ ಹೆಚ್ಚೇ. ಸರಾಸರಿ ಮಹಿಳೆಯ ಜೊತೆ ಹೋಲಿಸಿದರೆ ‘ಡಿ’ ವರ್ಗದವರ ಅಪಾಯ ಹೆಚ್ಚೆಂದರೆ ಸುಮಾರು ಎರಡು ಪಟ್ಟು, ‘ಸಿ’ ವರ್ಗದವರದು ಸರಾಸರಿಗಿಂತ ತುಸು ಮೇಲೆ. ಅಮೆರಿಕದ 50 ವರ್ಷದ ಸಾಮಾನ್ಯ ಮಹಿಳೆಗೆ ಮುಂದಿನ ಹತ್ತು ವರ್ಷಗಳಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಎರಡೂವರೆಯ ಒಳಗೆ. ಅದನ್ನು ಎರಡರಿಂದ ಗುಣಿಸಿದರೂ ನೂರರಲ್ಲಿ 95 ಮಂದಿಗೆ ಬರುವುದಿಲ್ಲ. ಭಾರತದಲ್ಲಿ ಸ್ತನ ಕ್ಯಾನ್ಸರ್ ದರ ಅಮೆರಿಕದ ಮೂರನೇ ಒಂದಕ್ಕಿಂತ ಕಡಿಮೆ ಇರುವುದರಿಂದ ಗುಣಿಸಬೇಕಾದ ಮೂಲ ಸಂಖ್ಯೆಯೇ ಇಲ್ಲಿ ಚಿಕ್ಕದು. ಪಟ್ಟುಗಳ ಭಾಷೆಯಲ್ಲಿ ಹೆದರಿಸುವವರು ಈ ಮೂಲ ಸಂಖ್ಯೆಯನ್ನು ಹೇಳುವುದೇ ಇಲ್ಲ.

ಅಳತೆಯ ಕಥೆ ಇದಕ್ಕಿಂತ ಸ್ವಾರಸ್ಯಕರ. ಬಾಯ್ಡ್ ಅವರಂಥ ಸಂಶೋಧಕರು ಅಪಾಯವನ್ನು ಲೆಕ್ಕ ಹಾಕಿದ್ದು ಶೇಕಡಾವಾರಿನಲ್ಲಿ. ಟೊರಾಂಟೊದಲ್ಲೇ ರೂಪುಗೊಂಡ ‘ಕ್ಯುಮ್ಯುಲಸ್’ ಎಂಬ ತಂತ್ರಾಂಶದಲ್ಲಿ ಪರಿಣತರು ಚಿತ್ರದ ಬಿಳಿ ಭಾಗದ ಗಡಿಯನ್ನು ಗುರುತಿಸಿ ವಿಸ್ತೀರ್ಣ ತೆಗೆಯುತ್ತಿದ್ದರು. ಆಸ್ಪತ್ರೆಯಲ್ಲಿ ನಿತ್ಯ ನಡೆಯುವುದು ಇದಲ್ಲ. ಅಲ್ಲಿ ರೇಡಿಯಾಲಜಿಸ್ಟ್ ಕಣ್ಣಳತೆಯಲ್ಲಿ ಅಕ್ಷರ ಕೊಡುತ್ತಾರೆ. ಮೊದಲು ಆ ಅಕ್ಷರಗಳಿಗೂ ಶೇ 25, 50, 75 ಎಂಬ ಗೆರೆಗಳಿದ್ದವು. 2013ರಲ್ಲಿ ಬೈರಾಡ್ಸ್‌ನ ಐದನೆಯ ಆವೃತ್ತಿ ಆ ಗೆರೆಗಳನ್ನು ಅಳಿಸಿಹಾಕಿತು. ಒಟ್ಟು ಬಿಳಿ ಎಷ್ಟೇ ಇರಲಿ, ಯಾವುದಾದರೂ ಒಂದು ಭಾಗದಲ್ಲಿ ಸಣ್ಣ ಗಡ್ಡೆಯನ್ನು ಮುಚ್ಚಿಡುವಷ್ಟು ದಟ್ಟವಾಗಿದ್ದರೆ ಅದು ‘ಸಿ’ ಎಂಬುದು ಹೊಸ ನಿಯಮ. ರೇಡಿಯಾಲಜಿಸ್ಟ್ ದೃಷ್ಟಿಯಲ್ಲಿ ಇದು ಸರಿಯೇ. ‘ನನ್ನ ಕಣ್ಣಿಗೆ ತಪ್ಪಿಹೋಗಬಹುದಾದ ಜಾಗ ಇಲ್ಲಿದೆ’ ಎಂದು ಆತ ಪ್ರಾಮಾಣಿಕವಾಗಿ ಹೇಳುತ್ತಿದ್ದಾನೆ. ಆದರೆ ಪರಿಣಾಮ ನೋಡಿ. ಶೇ 40ರಷ್ಟು ಬಿಳಿ ಇದ್ದು ಹಿಂದೆ ‘ಬಿ’ಗೆ ಸಮನಾದ ವರ್ಗದಲ್ಲಿದ್ದ ಮಹಿಳೆ ತನ್ನ ದೇಹದಲ್ಲಿ ಏನೂ ಬದಲಾಗದೆಯೇ ‘ಸಿ’ ಆಗಬಹುದು. ಅಪಾಯದ ಸಂಖ್ಯೆ ಬಂದದ್ದು ಶೇಕಡಾವಾರಿನಿಂದ. ಅದನ್ನು ಅಂಟಿಸುತ್ತಿರುವುದು ಮರೆಯನ್ನು ಅಳೆಯುವ ಅಕ್ಷರಕ್ಕೆ.

ಆ ಅಕ್ಷರವಾದರೂ ಎಲ್ಲರ ಕೈಯಲ್ಲೂ ಒಂದೇ ಆಗಿ ಬರುತ್ತದೆಯೇ? 2016ರಲ್ಲಿ ಅಮೆರಿಕದ 83 ರೇಡಿಯಾಲಜಿಸ್ಟರು ಓದಿದ ಎರಡು ಲಕ್ಷಕ್ಕೂ ಹೆಚ್ಚು ಮ್ಯಾಮೊಗ್ರಾಂಗಳ ವಿಶ್ಲೇಷಣೆ ಪ್ರಕಟವಾಯಿತು. ಒಬ್ಬರು ತಾವು ನೋಡಿದ ಚಿತ್ರಗಳಲ್ಲಿ ಶೇ 6.3ನ್ನು ಮಾತ್ರ ‘ಸಾಂದ್ರ’ ಎಂದಿದ್ದರೆ, ಇನ್ನೊಬ್ಬರು ಶೇ 84.5ನ್ನು ‘ಸಾಂದ್ರ’ ಎಂದಿದ್ದರು. ಒಬ್ಬಳೇ ಮಹಿಳೆಯ ಒಂದರ ಹಿಂದೊಂದು ಮ್ಯಾಮೊಗ್ರಾಂಗಳನ್ನು ಇಬ್ಬರು ಬೇರೆ ಬೇರೆ ರೇಡಿಯಾಲಜಿಸ್ಟರು ಓದಿದಾಗ ಶೇ 17ರಷ್ಟು ಸಂದರ್ಭಗಳಲ್ಲಿ ‘ಸಾಂದ್ರ’ ಎಂಬುದು ‘ಸಾಂದ್ರವಲ್ಲ’ ಎಂದೋ, ‘ಸಾಂದ್ರವಲ್ಲ’ ಎಂಬುದು ‘ಸಾಂದ್ರ’ ಎಂದೋ ಬದಲಾಗಿತ್ತು. ಬಿ ಮತ್ತು ಸಿ ನಡುವಿನ ಗಡಿ ಅಷ್ಟು ತೆಳು. ಆದರೆ ಅಮೆರಿಕದ ಪತ್ರ ಈ ಗಡಿಯ ಮೇಲೆಯೇ ನಿಂತಿದೆ. ವೈದ್ಯರಿಗೆ ಹೋಗುವ ವರದಿಯಲ್ಲಿ ನಾಲ್ಕು ವರ್ಗಗಳಿದ್ದರೂ ಮಹಿಳೆಗೆ ಹೋಗುವ ಪತ್ರದಲ್ಲಿ ಹೌದು, ಅಲ್ಲ ಎಂಬ ಎರಡೇ.

ಕಣ್ಣಳತೆಯ ಈ ಗೋಳಿಗೆ ಯಂತ್ರ ಪರಿಹಾರ ಕೊಡುತ್ತದೆ ಎಂದು ಹೊರಟವರಲ್ಲಿ ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ‘ವೋಲ್ಪಾರಾ’ ತಂತ್ರಾಂಶ ಹೆಚ್ಚು ಬಳಕೆಯಲ್ಲಿದೆ. ಚಿತ್ರದ ಪ್ರತಿ ಬಿಂದುವಿನಲ್ಲೂ ಎಕ್ಸ್-ರೇ ಎಷ್ಟು ತಡೆಯಲ್ಪಟ್ಟಿತು ಎಂಬುದರಿಂದ ಅಲ್ಲಿನ ಸಾಂದ್ರ ಅಂಗಾಂಶದ ದಪ್ಪವನ್ನು ಲೆಕ್ಕ ಹಾಕಿ, ವಿಸ್ತೀರ್ಣದ ಬದಲು ಗಾತ್ರವನ್ನು ಅದು ಹೇಳುತ್ತದೆ. ಇದರಿಂದ ಒಂದೇ ಚಿತ್ರಕ್ಕೆ ಪ್ರತಿ ಬಾರಿ ಒಂದೇ ಉತ್ತರ ಸಿಗುತ್ತದೆ, ದೊಡ್ಡ ಲಾಭವೇ. ಆದರೂ ಶೇಕಡಾವಾರಿನ ಮೂಲ ದೋಷ ಉಳಿದೇ ಇದೆ. ಮಹಿಳೆ ಹತ್ತು ಕಿಲೋ ತೂಕ ಇಳಿಸಿದಳು ಎನ್ನಿ. ಸ್ತನದ ಕೊಬ್ಬು ಕರಗುತ್ತದೆ, ಗ್ರಂಥಿ ಹಾಗೆಯೇ ಇರುತ್ತದೆ; ಶೇಕಡಾವಾರು ಸಾಂದ್ರತೆ ಏರಿತು ಎಂದು ವರದಿ ಬರುತ್ತದೆ. ಮುಟ್ಟು ನಿಂತ ನಂತರ ಸ್ಥೂಲಕಾಯ ಸ್ತನ ಕ್ಯಾನ್ಸರ್ ಅಪಾಯವನ್ನು ಹೆಚ್ಚಿಸುತ್ತದೆ ಎಂಬುದು ಖಚಿತ. ಅಂಥವರ ಸಾಂದ್ರತೆ ಮಾತ್ರ ಕಡಿಮೆ ಎಂದೇ ಕಾಣುತ್ತದೆ. ವಯಸ್ಸು, ತೂಕ ಜೊತೆಗಿಲ್ಲದ ಸಾಂದ್ರತೆಯ ಸಂಖ್ಯೆ ಅಪಾಯದ ಬಗ್ಗೆ ಅರ್ಧ ಮಾತನ್ನಷ್ಟೇ ಆಡುತ್ತದೆ.

ಇಷ್ಟು ಅಸ್ಥಿರವಾದ ಅಳತೆಗೆ ಕಾನೂನಿನ ಬಲ ಹೇಗೆ ಬಂತು? ಕನೆಕ್ಟಿಕಟ್ ರಾಜ್ಯದ ನ್ಯಾನ್ಸಿ ಕಾಪೆಲ್ಲೊ ವರ್ಷ ತಪ್ಪದೆ ಮ್ಯಾಮೊಗ್ರಾಂ ಮಾಡಿಸಿಕೊಂಡವರು, ಪ್ರತಿ ಸಲವೂ ‘ಸರಿಯಿದೆ’ ಎಂಬ ಉತ್ತರ ಪಡೆದವರು. 2004ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಪತ್ತೆಯಾದಾಗ ಅದು ಮೂರನೆಯ ಹಂತಕ್ಕೆ ಹೋಗಿತ್ತು. ತಮ್ಮ ಸ್ತನ ಸಾಂದ್ರವಾಗಿರುವುದು ವೈದ್ಯರಿಗೆ ಗೊತ್ತಿತ್ತು, ತಮಗೆ ಮಾತ್ರ ಯಾರೂ ಹೇಳಿರಲಿಲ್ಲ ಎಂಬುದು ಅವರ ಸಿಟ್ಟು. ಆ ಸಿಟ್ಟಿನಿಂದ ಹುಟ್ಟಿದ ಚಳವಳಿಯ ಫಲವಾಗಿ 2009ರಲ್ಲಿ ಕನೆಕ್ಟಿಕಟ್ ಮೊದಲ ಕಾನೂನು ಮಾಡಿತು. ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಹಿಂಬಾಲಿಸಿದವು. 2023ರಲ್ಲಿ ಎಫ್‌ಡಿಎ ಅದನ್ನು ದೇಶವ್ಯಾಪಿ ನಿಯಮವನ್ನಾಗಿಸಿತು. ಕಾಪೆಲ್ಲೊ 2018ರಲ್ಲಿ ತೀರಿಕೊಂಡಿದ್ದರು. ಅವರ ಬೇಡಿಕೆ ನ್ಯಾಯವಾದದ್ದು. ನನ್ನ ದೇಹದ ಬಗ್ಗೆ ಕಡತದಲ್ಲಿ ಬರೆದದ್ದು ನನಗೇ ತಿಳಿಯಬಾರದು ಎಂಬುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಸಮಸ್ಯೆ ಇರುವುದು ತಿಳಿದ ಮೇಲೆ ಏನು ಮಾಡಬೇಕು ಎಂಬಲ್ಲಿ.

ಆ ಪ್ರಶ್ನೆಗೆ ಅತ್ಯುತ್ತಮ ಪುರಾವೆ ಕೊಟ್ಟದ್ದು ನೆದರ್ಲೆಂಡ್ಸ್. ಅಲ್ಲಿನ ‘ಡೆನ್ಸ್’ ಪ್ರಯೋಗದಲ್ಲಿ 50ರಿಂದ 75 ವರ್ಷದ, ಅತಿ ಸಾಂದ್ರ ಸ್ತನದ, ಮ್ಯಾಮೊಗ್ರಾಂನಲ್ಲಿ ಏನೂ ಕಾಣದ 40,373 ಮಹಿಳೆಯರಿದ್ದರು. ಸುಮಾರು 8,000 ಮಂದಿಗೆ ಎಂಆರ್‌ಐ ಆಹ್ವಾನ ಹೋಯಿತು. ಶೇ 59ರಷ್ಟು ಮಂದಿ ಒಪ್ಪಿದರು. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ, ಮುಂದಿನ ತಪಾಸಣೆಗೆ ಮುಂಚೆಯೇ ತಾನಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್‌ಗಳು ಮ್ಯಾಮೊಗ್ರಾಂ ಮಾತ್ರ ಪಡೆದ ಗುಂಪಿನಲ್ಲಿ ಸಾವಿರಕ್ಕೆ 5 ಇದ್ದರೆ, ಎಂಆರ್‌ಐಗೆ ಕರೆದ ಗುಂಪಿನಲ್ಲಿ 2.5. ನಿಜವಾಗಿ ಎಂಆರ್‌ಐ ಮಾಡಿಸಿಕೊಂಡವರಲ್ಲಿ 0.8. ಬೆಲೆಯೂ ಇತ್ತು. ಕ್ಯಾನ್ಸರ್ ಇಲ್ಲದಿದ್ದರೂ ‘ಅನುಮಾನ ಇದೆ, ಮತ್ತೆ ಬನ್ನಿ’ ಎಂದು ಕರೆಸಿಕೊಂಡವರು ಮೊದಲ ಸುತ್ತಿನಲ್ಲಿ ಸಾವಿರಕ್ಕೆ ಸುಮಾರು 80 ಮಂದಿ. ಎರಡನೆಯ ಸುತ್ತಿನಲ್ಲಿ ಅದು 26ಕ್ಕೆ ಇಳಿಯಿತು.

2025ರ ಮೇ ತಿಂಗಳಲ್ಲಿ ಬ್ರಿಟನ್ನಿನ ‘ಬ್ರೇಡ್’ ಪ್ರಯೋಗದ ಫಲಿತಾಂಶ ಬಂತು. ಕೇಂಬ್ರಿಜ್‌ನ ಫಿಯೋನಾ ಗಿಲ್ಬರ್ಟ್ ಮುಂದಾಳತ್ವದಲ್ಲಿ ಸಾಂದ್ರ ಸ್ತನದ 9,361 ಮಹಿಳೆಯರ ಮೇಲೆ ಮೂರು ವಿಧಾನಗಳನ್ನು ಪರೀಕ್ಷಿಸಲಾಗಿತ್ತು. ಮ್ಯಾಮೊಗ್ರಾಂನಲ್ಲಿ ಕಾಣದಿದ್ದ ಕ್ಯಾನ್ಸರ್‌ಗಳನ್ನು ಚುಟುಕು ಎಂಆರ್‌ಐ ಸಾವಿರಕ್ಕೆ 17.4ರಷ್ಟು ಹಿಡಿಯಿತು. ಅಯೋಡಿನ್ ದ್ರವವನ್ನು ರಕ್ತನಾಳಕ್ಕೆ ಚುಚ್ಚಿ ತೆಗೆಯುವ ಕಾಂಟ್ರಾಸ್ಟ್ ಮ್ಯಾಮೊಗ್ರಾಂ 19.2ನ್ನು ಹಿಡಿಯಿತು. ಸ್ವಯಂಚಾಲಿತ ಅಲ್ಟ್ರಾಸೌಂಡ್ ಹಿಡಿದದ್ದು 4.2 ಮಾತ್ರ. ನಮ್ಮ ದೇಶಕ್ಕೆ ಈ ಫಲಿತಾಂಶದಲ್ಲಿ ಮುಖ್ಯವಾದದ್ದು ಕಾಂಟ್ರಾಸ್ಟ್ ಮ್ಯಾಮೊಗ್ರಾಂ ಎಂದು ನನಗನಿಸುತ್ತದೆ. ಸೂಕ್ತ ಸವಲತ್ತಿರುವ ಡಿಜಿಟಲ್ ಮ್ಯಾಮೊಗ್ರಾಂ ಯಂತ್ರದಲ್ಲೇ ಅದನ್ನು ಮಾಡಬಹುದು. ಎಂಆರ್‌ಐ ಯಂತ್ರದ ಸರದಿ ಕಾಯಬೇಕಿಲ್ಲ. ಕೆಲವರಿಗೆ ಆ ದ್ರವ ಅಲರ್ಜಿಯಾಗುತ್ತದೆ, ಮೂತ್ರಪಿಂಡದ ತೊಂದರೆ ಇರುವವರಲ್ಲಿ ಎಚ್ಚರ ಬೇಕು ಎಂಬುದು ಬೇರೆ ಮಾತು.

ಹೆಚ್ಚು ಕ್ಯಾನ್ಸರ್ ಪತ್ತೆಯಾಯಿತು ಎಂದರೆ ಹೆಚ್ಚು ಜೀವ ಉಳಿಯಿತು ಎಂದೇ ಅರ್ಥವಲ್ಲ. ಎಂದೂ ತೊಂದರೆ ಕೊಡದಿದ್ದ ಗಡ್ಡೆಗಳೂ ಆ ಲೆಕ್ಕದಲ್ಲಿ ಸೇರಿರುತ್ತವೆ. ಈ ಕಾರಣಕ್ಕೇ ಅಮೆರಿಕದ ರೋಗತಡೆ ಕಾರ್ಯಪಡೆ 2024ರಲ್ಲಿ 40ರಿಂದ 74 ವರ್ಷದವರಿಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ಎಂದು ಹೇಳಿದರೂ, ಸಾಂದ್ರ ಸ್ತನದವರಿಗೆ ಹೆಚ್ಚುವರಿ ಸ್ಕ್ಯಾನ್ ಬೇಕೇ ಎಂಬ ಬಗ್ಗೆ ‘ಪುರಾವೆ ಸಾಲದು’ ಎಂದು ಕೈ ತೊಳೆದುಕೊಂಡಿತು. ಯುರೋಪಿನ ಸ್ತನ ಚಿತ್ರಣ ತಜ್ಞರ ಸಂಘ 2022ರಲ್ಲೇ ಅತಿ ಸಾಂದ್ರ ಸ್ತನದ 50ರಿಂದ 70 ವರ್ಷದವರಿಗೆ ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ ಎಂಆರ್‌ಐ ಎಂದಿತ್ತು. ಒಂದೇ ಪುರಾವೆ, ಎರಡು ತೀರ್ಪು. ಯುರೋಪಿನವರ ಶಿಫಾರಸು ‘ಡಿ’ಗೆ ಮಾತ್ರ ಎಂಬುದನ್ನು ಗಮನಿಸಬೇಕು, ‘ಸಿ’ ವರ್ಗದ ಆ 40 ಮಂದಿ ಅದರಲ್ಲಿಲ್ಲ. ಅಮೆರಿಕದ ಇನ್ನೊಂದು ವಿಶ್ಲೇಷಣೆ 2015ರಲ್ಲಿ ಸಾಂದ್ರತೆಯ ಜೊತೆಗೆ ವಯಸ್ಸು, ಮನೆತನದ ಇತಿಹಾಸ, ಹಿಂದಿನ ಬಯಾಪ್ಸಿ ಎಲ್ಲವನ್ನೂ ಸೇರಿಸಿ ಐದು ವರ್ಷದ ಅಪಾಯ ಲೆಕ್ಕ ಹಾಕಿತು. ತಪಾಸಣೆಯ ನಡುವಿನ ಅವಧಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುವ ಸಾಧ್ಯತೆ ನಿಜಕ್ಕೂ ಹೆಚ್ಚಿದ್ದದ್ದು ಸಾಂದ್ರ ಸ್ತನದವರಲ್ಲಿ ಶೇ 24ರಷ್ಟು ಮಂದಿಗೆ ಮಾತ್ರ. ಉಳಿದ ಮುಕ್ಕಾಲು ಪಾಲು ಮಹಿಳೆಯರಿಗೂ ಹೋಗುವುದು ಅದೇ ಪತ್ರ.

ಸಾಂದ್ರತೆ ಹಣೆಬರಹವೇನೂ ಅಲ್ಲ. ವಯಸ್ಸಾದಂತೆ, ಹೆರಿಗೆಗಳಾದಂತೆ, ಮುಟ್ಟು ನಿಂತಂತೆ ಅದು ಇಳಿಯುತ್ತದೆ; ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡೂ ಇರುವ ಹಾರ್ಮೋನು ಮಾತ್ರೆ ತೆಗೆದುಕೊಂಡರೆ ಏರುತ್ತದೆ. ಟ್ಯಾಮಾಕ್ಸಿಫೆನ್ ಅದನ್ನು ಇಳಿಸುತ್ತದೆ. ಅಪಾಯ ಹೆಚ್ಚಿರುವವರಿಗೆ ಈ ಔಷಧ ಕೊಟ್ಟ ಅಂತರರಾಷ್ಟ್ರೀಯ ಪ್ರಯೋಗವೊಂದರ 2011ರ ವಿಶ್ಲೇಷಣೆಯಲ್ಲಿ, ಸಾಂದ್ರತೆ ಶೇಕಡಾ ಹತ್ತು ಅಂಶದಷ್ಟಾದರೂ ಇಳಿದವರಲ್ಲಿ ಕ್ಯಾನ್ಸರ್ ಅಪಾಯ ಶೇ 63ರಷ್ಟು ಕಡಿಮೆಯಾಗಿತ್ತು. ಇಳಿಯದವರಲ್ಲಿ ಔಷಧದಿಂದ ಹೇಳಿಕೊಳ್ಳುವ ಪ್ರಯೋಜನ ಕಾಣಲಿಲ್ಲ. ಸ್ವೀಡನ್‌ನಲ್ಲಿ ಮಾಮೂಲಿ 20 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟರೂ ಮುಟ್ಟು ನಿಲ್ಲದ ಮಹಿಳೆಯರಲ್ಲಿ ಸಾಂದ್ರತೆ ಅಷ್ಟೇ ಇಳಿಯಿತು ಎಂದು 2021ರಲ್ಲಿ ತಿಳಿದುಬಂತು. ಇಲ್ಲಿ ಸಾಂದ್ರತೆ ಔಷಧ ಕೆಲಸ ಮಾಡುತ್ತಿದೆಯೇ ಎಂದು ತೋರಿಸುವ ಸೂಚಕವಾಗುತ್ತದೆ. ಒಂದು ಸಲದ ಅಕ್ಷರಕ್ಕಿಂತ ವರ್ಷಗಳ ಏರಿಳಿತವೇ ಹೆಚ್ಚು ಹೇಳುತ್ತದೆ ಎಂಬುದಕ್ಕೆ 2023ರ ಅಧ್ಯಯನವೊಂದರ ಬೆಂಬಲವೂ ಇದೆ: ಒಬ್ಬಳೇ ಮಹಿಳೆಯ ಎರಡು ಸ್ತನಗಳಲ್ಲಿ, ಮುಂದೆ ಕ್ಯಾನ್ಸರ್ ಬಂದ ಕಡೆ ಸಾಂದ್ರತೆ ಇಳಿಯುವ ವೇಗ ಇನ್ನೊಂದಕ್ಕಿಂತ ನಿಧಾನವಾಗಿತ್ತು.

ಕೃತಕ ಬುದ್ಧಿಮತ್ತೆ ಈ ಇಡೀ ಚರ್ಚೆಯನ್ನೇ ಹಳೆಯದಾಗಿಸಬಹುದು. ಎಂಐಟಿಯ ರೆಜೀನಾ ಬಾರ್ಜಿಲೇ, ಆ್ಯಡಂ ಯಾಲಾ ರೂಪಿಸಿದ ‘ಮಿರಾಯ್’ ಎಂಬ ಮಾದರಿ ಬಿಳಿಯ ಪಾಲನ್ನಷ್ಟೇ ಎಣಿಸದೆ ಇಡೀ ಚಿತ್ರವನ್ನು ಓದಿ ಮುಂದಿನ ವರ್ಷಗಳ ಅಪಾಯ ಹೇಳುತ್ತದೆ. ಇಂಥದ್ದೇ ಕೆಲಸದ ‘ಕ್ಲಾರಿಟಿ ಬ್ರೆಸ್ಟ್’ ಎಂಬ ತಂತ್ರಾಂಶಕ್ಕೆ 2025ರಲ್ಲಿ ಎಫ್‌ಡಿಎ ಅನುಮತಿಯೂ ಸಿಕ್ಕಿದೆ. ಸಾಂದ್ರತೆ ಎಂಬುದು ಚಿತ್ರದಲ್ಲಿ ಅಡಗಿದ್ದ ಮಾಹಿತಿಯ ಒರಟು ಸಾರಾಂಶವಷ್ಟೇ ಆಗಿತ್ತು ಎಂದು ಮುಂದೆ ಅನಿಸಿದರೆ ಆಶ್ಚರ್ಯವಿಲ್ಲ. ಇಂಥ ಮಾದರಿಗಳನ್ನು ಭಾರತಕ್ಕೆ ತರುವ ಮುನ್ನ ಇಲ್ಲಿನ ಮಹಿಳೆಯರ ವಯಸ್ಸಿಗೆ, ಇಲ್ಲಿನ ರೋಗದ ದರಕ್ಕೆ ಹೊಂದಿಸಿ ಪರೀಕ್ಷಿಸಬೇಕು. ಇಲ್ಲವಾದರೆ ಅಪಾಯವನ್ನು ಎರಡು ಮೂರು ಪಟ್ಟು ಉಬ್ಬಿಸಿ ಹೇಳಿಯಾವು.

ಇಷ್ಟೆಲ್ಲ ಮ್ಯಾಮೊಗ್ರಾಂ ಆದವರ ಮಾತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಭಾರತದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಎಂದಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ 0.9. ಇನ್ನೊಂದು ಕಡೆ, 2022ರ ಅಂದಾಜಿನಂತೆ ದೇಶದಲ್ಲಿ ಆ ಒಂದೇ ವರ್ಷ 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, 98 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ನಡೆಸುವ ಕ್ಯಾನ್ಸರ್ ನೋಂದಣಿಯಲ್ಲೂ ಮಹಿಳೆಯರ ಕ್ಯಾನ್ಸರ್‌ಗಳಲ್ಲಿ ಮೊದಲ ಸ್ಥಾನ ಇದಕ್ಕೇ. ನಮ್ಮಲ್ಲಿ ರೋಗಿಗಳ ಸರಾಸರಿ ವಯಸ್ಸು ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಒಂದು ದಶಕ ಕಡಿಮೆ. ನಮ್ಮ ಜನಸಂಖ್ಯೆಯೇ ಎಳೆಯದು ಎಂಬುದು ಇದಕ್ಕೆ ಒಂದು ಕಾರಣ, ಅದನ್ನು ಮರೆತು ‘ಭಾರತೀಯರಿಗೆ ಬೇಗ ಕ್ಯಾನ್ಸರ್ ಬರುತ್ತದೆ’ ಎನ್ನುವುದು ಅವಸರದ ಮಾತು. ಆದರೆ ಎಳೆಯ ವಯಸ್ಸೆಂದರೆ ಹೆಚ್ಚು ಸಾಂದ್ರ ಸ್ತನ, ಹಾಗಾಗಿ ಮ್ಯಾಮೊಗ್ರಾಂ ಎಡವುವ ಸಾಧ್ಯತೆಯೂ ಹೆಚ್ಚು ಎಂಬುದು ನಿಜ.

ಸರ್ಕಾರದ 2016ರ ಮಾರ್ಗಸೂಚಿಯಲ್ಲಿ ಇರುವುದು ಮ್ಯಾಮೊಗ್ರಾಂ ಅಲ್ಲ. 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತರಬೇತಾದ ಸಿಬ್ಬಂದಿ ಕೈಯಿಂದ ಮಾಡುವ ಸ್ತನ ಪರೀಕ್ಷೆ. ಇದನ್ನು ಬಡವರ ಪರ್ಯಾಯ ಎಂದು ಹೀಗಳೆಯಬೇಕಿಲ್ಲ. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಒಂದೂವರೆ ಲಕ್ಷ ಮಹಿಳೆಯರ ಮೇಲೆ ನಡೆಸಿದ ಇಪ್ಪತ್ತು ವರ್ಷಗಳ ಪ್ರಯೋಗದ ಫಲಿತಾಂಶ 2021ರಲ್ಲಿ ಬಂದಾಗ, ಎರಡು ವರ್ಷಕ್ಕೊಮ್ಮೆ ಇಂಥ ಪರೀಕ್ಷೆಯಿಂದ 50 ದಾಟಿದವರಲ್ಲಿ ಸಾವು ಸುಮಾರು ಶೇ 30ರಷ್ಟು ಇಳಿದಿತ್ತು. 50ರೊಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಆ ವಯಸ್ಸಿನವರಿಗೆ ಅಲ್ಟ್ರಾಸೌಂಡ್ ನೆರವಾದೀತೇ ಎಂದು ನೋಡಿದ್ದು ಜಪಾನ್. 40ರಿಂದ 49 ವರ್ಷದ 73 ಸಾವಿರದಷ್ಟು ಮಹಿಳೆಯರಲ್ಲಿ ಮ್ಯಾಮೊಗ್ರಾಂ ಜೊತೆ ಅಲ್ಟ್ರಾಸೌಂಡ್ ಸೇರಿಸಿದಾಗ ಪತ್ತೆಯ ಪ್ರಮಾಣ ಶೇ 77ರಿಂದ ಶೇ 91ಕ್ಕೆ ಏರಿತು, ಸುಳ್ಳು ಎಚ್ಚರಿಕೆಗಳೂ ಏರಿದವು. ಅದನ್ನು ನಮ್ಮ ತಾಲ್ಲೂಕುಗಳಿಗೆ ಒಯ್ಯೋಣವೆಂದರೆ ವಿಚಿತ್ರವಾದ ಅಡ್ಡಿಯೊಂದಿದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಿ ಗೊತ್ತುಪಡಿಸಿದ ಜಾಗದಲ್ಲಿ ಇರಬೇಕು. ಊರೂರಿಗೆ ಹೊತ್ತೊಯ್ಯುವುದಕ್ಕೆ ಕಟ್ಟುಪಾಡುಗಳಿವೆ. ಆ ಕಾಯ್ದೆ ಬೇಕೇ ಬೇಕು, ಆದರೆ ಸ್ತನ ಪರೀಕ್ಷೆಗಷ್ಟೇ ಬಳಸಬಹುದಾದ ಯಂತ್ರಗಳಿಗೆ ಬೇರೆ ದಾರಿ ಕಲ್ಪಿಸುವುದು ಅಸಾಧ್ಯವಾದ ಕೆಲಸವಲ್ಲ. ಈ ಖಾಲಿ ಜಾಗದಲ್ಲೇ ಶಾಖದ ಚಿತ್ರ ತೆಗೆದು ಕ್ಯಾನ್ಸರ್ ಹಿಡಿಯುತ್ತೇವೆ ಎಂಬ ಶಿಬಿರಗಳು ಜನಪ್ರಿಯವಾಗುತ್ತಿವೆ. ಅವು ಮ್ಯಾಮೊಗ್ರಾಂಗೆ ಬದಲಿಯಲ್ಲ ಎಂದು ಎಫ್‌ಡಿಎ ಹಲವು ಸಲ ಎಚ್ಚರಿಸಿದೆ.

ಹಾಗಾದರೆ ‘ಸಿ’ ಎಂದು ಬರೆದ ವರದಿ ಹಿಡಿದವರು ವೈದ್ಯರನ್ನು ಏನು ಕೇಳಬೇಕು? ತಾಯಿ, ಅಕ್ಕತಂಗಿಯರು, ದೊಡ್ಡಮ್ಮ ಚಿಕ್ಕಮ್ಮಂದಿರು, ಅತ್ತೆಯರು, ತಂದೆಯ ಕಡೆಯವರೂ ಸೇರಿ, ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತೇ ಎಂಬುದನ್ನು ಮೊದಲು ಹೇಳಬೇಕು, ಅದನ್ನೂ ವಯಸ್ಸನ್ನೂ ಸೇರಿಸಿ ತಮ್ಮ ಅಪಾಯ ಎಷ್ಟು ಎಂದು ಲೆಕ್ಕ ಹಾಕಿಸಬೇಕು. ಟೈರರ್–ಕ್ಯೂಜಿಕ್ ಎಂಬ ಲೆಕ್ಕಾಚಾರದ ಹೊಸ ಆವೃತ್ತಿಯಲ್ಲಿ ಸಾಂದ್ರತೆಗೂ ಸ್ಥಾನವಿದೆ. ಅಪಾಯ ಸಾಮಾನ್ಯ ಮಟ್ಟದಲ್ಲಿದ್ದರೆ ‘ಸಿ’ ಒಂದನ್ನೇ ನೋಡಿ ಸಾವಿರಾರು ರೂಪಾಯಿಯ ಎಂಆರ್‌ಐಗೆ ಓಡಬೇಕಿಲ್ಲ. ಆದರೆ ಕೈಗೆ ಗಂಟು ಸಿಗುತ್ತಿದ್ದರೆ, ಮೊಲೆತೊಟ್ಟು ಒಳಗೆ ಸೆಳೆದಿದ್ದರೆ, ರಕ್ತ ಬಂದಿದ್ದರೆ ಮೇಲಿನ ಯಾವ ಶೇಕಡಾವಾರೂ ಲೆಕ್ಕಕ್ಕಿಲ್ಲ. ಸಾಂದ್ರ ಸ್ತನದಲ್ಲಿ ಮ್ಯಾಮೊಗ್ರಾಂ ‘ಸರಿಯಿದೆ’ ಎಂದರೂ ಆ ಗಂಟಿಗೆ ಅಲ್ಟ್ರಾಸೌಂಡ್ ಆಗಬೇಕು, ಅನುಮಾನ ಉಳಿದರೆ ಸೂಜಿ ಬಯಾಪ್ಸಿಯೂ ಆಗಬೇಕು.